ನಾಲಿಗೆಗೆ ಸಿಗದ ಲೆಕ್ಕ

ಗಿಮ್ಲೆಟ್ ಎಂಬ ಕಾಕ್‌ಟೇಲಿಗೆ ಬೇಕಾದದ್ದು ಮೂರೇ: ಜಿನ್, ನಿಂಬೆರಸ, ಸಕ್ಕರೆ. ನಾಲ್ಕನೆಯದು ನೀರು. ಅದನ್ನು ಸಾಮಗ್ರಿಯ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಐಸ್ ಹಾಕಿ ಕುಲುಕುವಾಗ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಕುಲುಕಿ ಮುಗಿಯುವ ಹೊತ್ತಿಗೆ ಲೋಟದ ಮೂರನೇ ಒಂದು ಭಾಗ ಹೀಗೆ ಕರಗಿ ಬಂದ ನೀರೇ ಆಗಿರುತ್ತದೆ. ಐದನೆಯದು ಸಿ ವಿಟಮಿನ್. ಒಂದು ಲೋಟದಲ್ಲಿ ಅದು ಸುಮಾರು ಆರು ಮಿಲಿಗ್ರಾಂ ಇದ್ದೀತು. ಆದರೆ ಜಿನ್ ಮತ್ತು ನಿಂಬೆರಸ ಒಂದೇ ಹಡಗಿನಲ್ಲಿ ಪ್ರಯಾಣ ಮಾಡುವಂತಾದದ್ದು ಅದರಿಂದಲೇ.

ಈ ಐದರಲ್ಲಿ ನಾಲಿಗೆ ನಿಖರವಾಗಿ ಗುರುತಿಸುವುದು ಎರಡನ್ನು: ಹುಳಿ ಮತ್ತು ಸಿಹಿ. ಎಷ್ಟು ನೀರು ಬೆರೆತಿದೆ, ಎಷ್ಟು ಆಲ್ಕೋಹಾಲ್ ಒಳಗೆ ಹೋಗುತ್ತಿದೆ, ವಿಟಮಿನ್ ಉಳಿದಿದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮನೆಯಲ್ಲಿ ಗಿಮ್ಲೆಟ್ ಕೆಡುವುದು ಬಹುಮಟ್ಟಿಗೆ ಈ ಕಾಣದ ಲೆಕ್ಕದಲ್ಲಿ. ಬ್ರಿಟಿಷ್ ನೌಕಾಪಡೆ ಅರ್ಧ ಶತಮಾನ ಕಾಲ ತಪ್ಪು ಹಣ್ಣಿನ ರಸವನ್ನು ಪೀಪಾಯಿಗಟ್ಟಲೆ ಹೊತ್ತು ತಿರುಗಿದ್ದೂ ಇದೇ ಲೆಕ್ಕ ತಪ್ಪಿ. ಆದ್ದರಿಂದ ಲೋಟ ತೆಗೆದುಕೊಳ್ಳುವ ಮೊದಲು ಹಡಗು ಹತ್ತಬೇಕು.

ತಿಂಗಳುಗಟ್ಟಲೆ ದಡ ಕಾಣದೆ ಸಾಗುವ ಯಾನಗಳು ಶುರುವಾದಂದಿನಿಂದ ನಾವಿಕರನ್ನು ಸ್ಕರ್ವಿ ಕಾಡಿತು. ಒಸಡು ಊದಿ ಕಪ್ಪಾಗಿ ರಕ್ತ ಜಿನುಗುತ್ತದೆ, ಹಲ್ಲು ಅಲುಗಾಡುತ್ತವೆ, ಕಾಲಿನ ಚರ್ಮದಡಿಯಲ್ಲಿ ರಕ್ತ ಮಡುಗಟ್ಟಿ ನೀಲಿ ಕಲೆಗಳಾಗುತ್ತವೆ. ವರ್ಷಗಳ ಹಿಂದೆ ಮಾಯ್ದಿದ್ದ ಗಾಯ ಮತ್ತೆ ಬಾಯಿ ಬಿಡುತ್ತದೆ. ಇದು ಆ ಕಾಲದವರಿಗೆ ಶಾಪದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇವತ್ತು ಅದರ ಕಾರಣ ಅಣುವಿನ ಮಟ್ಟದಲ್ಲಿ ಗೊತ್ತಿದೆ. ದೇಹದ ಅಂಗಾಂಶಗಳನ್ನು ಹಿಡಿದು ನಿಲ್ಲಿಸುವ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳನ್ನು ಹೊಸೆದು ಆದದ್ದು. ಹೊಸೆತ ಬಿಗಿಯಾಗಬೇಕಾದರೆ ಎಳೆಯಲ್ಲಿರುವ ಪ್ರೋಲಿನ್ ಎಂಬ ಘಟಕಕ್ಕೆ ಒಂದು ಆಮ್ಲಜನಕದ ಪರಮಾಣು ಬಂದು ಸೇರಬೇಕು. ಸೇರಿಸುವ ಕಿಣ್ವ ಸುಸ್ಥಿತಿಯಲ್ಲಿರಲು ಸಿ ವಿಟಮಿನ್ ಬೇಕು. ಅದಿಲ್ಲದೆ ಕಟ್ಟಿದ ಕೊಲಾಜೆನ್ ಮೈಯ ಬಿಸಿಗೇ ಬಿಚ್ಚಿಕೊಳ್ಳುತ್ತದೆ. ಗಾಯದ ಕಲೆಯೂ ಕೊಲಾಜೆನ್ನೇ. ಅದು ಒಮ್ಮೆ ಕಟ್ಟಿ ಬಿಟ್ಟ ಗೋಡೆಯಂತಿರದೆ ಸದಾ ಸವೆಯುತ್ತ, ಸದಾ ದುರಸ್ತಿಯಾಗುತ್ತ ಇರುತ್ತದೆ. ದುರಸ್ತಿ ನಿಂತರೆ ಹಳೆಯ ಗಾಯ ತೆರೆದುಕೊಳ್ಳುತ್ತದೆ.

1747ರ ಮೇ 20ರಂದು ಸಾಲಿಸ್‌ಬರಿ ಎಂಬ ಯುದ್ಧನೌಕೆಯಲ್ಲಿ ಸರ್ಜನ್ ಆಗಿದ್ದ ಜೇಮ್ಸ್ ಲಿಂಡ್ ಹನ್ನೆರಡು ಮಂದಿ ಸ್ಕರ್ವಿ ರೋಗಿಗಳನ್ನು ಒಂದೇ ಜಾಗದಲ್ಲಿ ಮಲಗಿಸಿ, ಒಂದೇ ಊಟ ಕೊಟ್ಟು, ಇಬ್ಬಿಬ್ಬರ ಆರು ಜೋಡಿ ಮಾಡಿದ. ಔಷಧಿ ಮಾತ್ರ ಜೋಡಿಗೊಂದು. ಒಂದು ಜೋಡಿಗೆ ಸೇಬಿನ ಸೈಡರ್, ಒಂದಕ್ಕೆ ಗಂಧಕಾಮ್ಲ ಬೆರೆತ ಔಷಧಿಯ ಹನಿಗಳು, ಒಂದಕ್ಕೆ ವಿನಿಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ ಸಾಸಿವೆ ಮೊದಲಾದವನ್ನು ಅರೆದ ಉಂಡೆ. ಕೊನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್. ಹಣ್ಣು ತಿಂದ ಇಬ್ಬರಲ್ಲಿ ಒಬ್ಬ ಆರೇ ದಿನದಲ್ಲಿ ಕೆಲಸಕ್ಕೆ ಎದ್ದು ಬಂದ.

ವೈದ್ಯಕೀಯದ ಇತಿಹಾಸ ಈ ಪ್ರಯೋಗವನ್ನು ಕಿತ್ತಳೆಯ ಗೆಲುವೆಂದು ನೆನೆಯುತ್ತದೆ. ನನಗೆ ಅದರಲ್ಲಿ ಸೋತ ಎರಡು ಜೋಡಿಗಳೇ ಹೆಚ್ಚು ಮುಖ್ಯವೆನಿಸುತ್ತವೆ. ವಿನಿಗರ್ ಹುಳಿ. ಗಂಧಕಾಮ್ಲ ಇನ್ನೂ ಹುಳಿ. ಹುಳಿಯೇ ಮದ್ದಾಗಿದ್ದರೆ ಆ ನಾಲ್ವರೂ ಚೇತರಿಸಿಕೊಳ್ಳಬೇಕಿತ್ತು. ಹಣ್ಣಿನಲ್ಲಿ ಕೆಲಸ ಮಾಡುತ್ತಿರುವುದು ಹುಳಿಯಲ್ಲದ ಇನ್ನೇನೋ ಎಂಬ ಉತ್ತರ ಆ ಹಡಗಿನಲ್ಲೇ ಸಿಕ್ಕಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಲಿಂಡ್ ತಾನೇ ರಸವನ್ನು ಬಿಸಿಮಾಡಿ ಗಟ್ಟಿ ಪಾಕವಾಗಿಸಿ ಹಡಗಿನಲ್ಲಿ ಒಯ್ಯಬಹುದೆಂದು ಬರೆದ. ಪಾಕದಲ್ಲಿ ಹುಳಿ ಪೂರ್ತಿ ಉಳಿಯಿತು; ಬಿಸಿಗೂ ಗಾಳಿಗೂ ಸಿಕ್ಕ ವಿಟಮಿನ್ ಬಹುಪಾಲು ಹೋಯಿತು.

ಆದರೂ ಲೆಮನ್ ರಸ ಕೊನೆಗೆ ಗೆದ್ದಿತು. ಗಿಲ್ಬರ್ಟ್ ಬ್ಲೇನ್ ಮುಂತಾದ ವೈದ್ಯರ ಒತ್ತಾಯದಿಂದ 1795ರಲ್ಲಿ ನೌಕಾಪಡೆ ನಾವಿಕರಿಗೆ ಅದನ್ನು ಕೊಡಲು ಒಪ್ಪಿತು. ಹಣ್ಣು ಮೆಡಿಟರೇನಿಯನ್ ತೀರದ್ದು: ನಮ್ಮ ನಿಂಬೆಗಿಂತ ದೊಡ್ಡದು, ದಪ್ಪ ಸಿಪ್ಪೆಯದು, ಹಳದಿ ಬಣ್ಣದ್ದು. ಕೆಲವೇ ವರ್ಷಗಳಲ್ಲಿ ಸ್ಕರ್ವಿ ನೌಕಾಪಡೆಯಿಂದ ಬಹುತೇಕ ಮರೆಯಾಯಿತು. 1860ರ ದಶಕದಲ್ಲಿ ಸರ್ಕಾರ ಈ ಹಣ್ಣನ್ನು ಬಿಟ್ಟು ವೆಸ್ಟ್ ಇಂಡೀಸಿನ ಬ್ರಿಟಿಷ್ ತೋಟಗಳ ನಿಂಬೆಗೆ ಹೊರಳಿತು. ಪರರಾಜ್ಯದಿಂದ ಕೊಳ್ಳುವುದಕ್ಕಿಂತ ತಮ್ಮದೇ ವಸಾಹತಿನದು ಮೇಲು, ಅಲ್ಲದೆ ನಿಂಬೆ ಲೆಮನ್ನಿಗಿಂತ ಕಡಿಮೆ ಹುಳಿಯೇನೂ ಅಲ್ಲ. ಆಗ ಎರಡು ರಸಗಳನ್ನೂ ಒಂದೇ ಹೆಸರಿನಿಂದ ಕರೆಯುವ ರೂಢಿಯೂ ಇದ್ದುದರಿಂದ ಬದಲಾವಣೆ ಯಾರಿಗೂ ದೊಡ್ಡದೆನಿಸಲಿಲ್ಲ.

1867 ಈ ಕಥೆಯಲ್ಲಿ ಎರಡು ಸಲ ಬರುತ್ತದೆ. ಆ ವರ್ಷದ ಕಾನೂನು ವ್ಯಾಪಾರಿ ಹಡಗುಗಳಲ್ಲೂ ನಿಂಬೆ ಅಥವಾ ಲೆಮನ್ ರಸವನ್ನು ಕಡ್ಡಾಯ ಮಾಡಿತು. ಅದೇ ವರ್ಷ ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬಾತ ಆಲ್ಕೋಹಾಲ್ ಬೆರೆಸದೆ ನಿಂಬೆರಸ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಗಂಧಕ ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ರಸದಲ್ಲಿ ಯೀಸ್ಟ್ ಬೆಳೆಯಲು ಬಿಡುವುದಿಲ್ಲ. ಜೊತೆಗೆ ಸಕ್ಕರೆ ಸೇರಿದರೆ ಶರಬತ್ತು ತಿಂಗಳುಗಟ್ಟಲೆ ನಿಲ್ಲುತ್ತದೆ. ರೋಸ್ ಹೆಸರಿನ ಆ ಲೈಮ್ ಕಾರ್ಡಿಯಲ್ ಬಾಟಲಿ ಹಡಗಿನಿಂದ ಊರಿಗೂ, ಊರಿನಿಂದ ಬಾರಿಗೂ ಬಂತು. ಹಡಗಿನ ಅಧಿಕಾರಿಗಳ ಪಾನೀಯ ಜಿನ್, ಅದರಲ್ಲೂ ಪ್ಲಿಮತ್ ಬಂದರಿನ ಜಿನ್. ಎರಡೂ ಒಂದೇ ಮೇಜಿನ ಮೇಲೆ ಇದ್ದ ಮೇಲೆ ಬೆರೆಯಲು ಹೊಸ ಕಾರಣ ಬೇಕಿರಲಿಲ್ಲ. 1920ರ ದಶಕದ ಕಾಕ್‌ಟೇಲ್ ಪುಸ್ತಕಗಳಲ್ಲಿ ಗಿಮ್ಲೆಟ್ ಎಂದರೆ ಅರ್ಧ ಪ್ಲಿಮತ್ ಜಿನ್, ಅರ್ಧ ರೋಸ್ ಕಾರ್ಡಿಯಲ್, ಅಷ್ಟೆ.

ಆ ಹೊತ್ತಿಗೆ ನಿಂಬೆರಸದ ಹೆಸರು ಕೆಟ್ಟಿತ್ತು. 1875ರಲ್ಲಿ ಜಾರ್ಜ್ ನೇರ್ಸ್ ಮುಂದಾಳತ್ವದಲ್ಲಿ ಅಲರ್ಟ್ ಮತ್ತು ಡಿಸ್ಕವರಿ ಎಂಬ ಎರಡು ಹಡಗುಗಳು ಉತ್ತರ ಧ್ರುವದ ಕಡೆ ಹೊರಟವು. ಚಳಿಗಾಲವಿಡೀ ದಿನವೂ ನಿಂಬೆರಸ ಕುಡಿದ ಆಳುಗಳು ವಸಂತದಲ್ಲಿ ಸ್ಲೆಡ್ಜ್ ಎಳೆಯುತ್ತ ಹಿಮದ ಮೇಲೆ ಹೊರಟ ಕೆಲವೇ ವಾರಗಳಲ್ಲಿ ಸ್ಕರ್ವಿಯಿಂದ ಕುಸಿದರು. ಇಂಗ್ಲೆಂಡಿನಲ್ಲಿ ವಿಚಾರಣೆಯಾಯಿತು. ಸ್ಲೆಡ್ಜ್ ಮೇಲೆ ರಸ ಒಯ್ಯಲಿಲ್ಲವೆಂದು ನೇರ್ಸನನ್ನು ದೂರಿದರು. ರಸದಲ್ಲೇ ಏನೂ ಇರಲಿಲ್ಲ ಎಂಬ ಸಂಶಯ ಗಟ್ಟಿಯಾಗಲು ಇನ್ನೂ ಕಾಲ ಬೇಕಾಯಿತು, ಏಕೆಂದರೆ ಉಗಿಹಡಗುಗಳು ಬಂದು ಯಾನಗಳೇ ಚಿಕ್ಕವಾಗಿದ್ದವು. ಬೇಗ ಬಂದರು ಸಿಗುತ್ತಿತ್ತು, ಬಂದರಿನಲ್ಲಿ ಸೊಪ್ಪು ತರಕಾರಿ ಸಿಗುತ್ತಿತ್ತು. ಕಾಯಿಲೆ ಬಾರದಿರುವ ಶ್ರೇಯಸ್ಸು ಮಾತ್ರ ರಸಕ್ಕೆ ಹೋಗುತ್ತಿತ್ತು. ಒಂದು ತಪ್ಪು ನಂಬಿಕೆಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಸಿಗುವುದು ಕಷ್ಟ.

ಈ ಗಂಟನ್ನು ಬಿಡಿಸಿದ್ದು ಗಿನಿಯಿಲಿಗಳು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್, ಬರೀ ಕಾಳು ತಿನ್ನಿಸಿದ ಗಿನಿಯಿಲಿಗಳಿಗೆ ಸ್ಕರ್ವಿ ಬರುವುದನ್ನು ತೋರಿಸಿದರು. ಹೆಚ್ಚಿನ ಪ್ರಾಣಿಗಳು ಸಿ ವಿಟಮಿನ್ನನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿಯಿಲಿ ಮುಂತಾದ ಕೆಲವಕ್ಕೆ ಅದರ ಕೊನೆಯ ಹಂತದ ಕಿಣ್ವ ಇಲ್ಲ. ಮನೆಯ ಇಲಿಯ ಮೇಲೆ ಪ್ರಯೋಗ ನಡೆದಿದ್ದರೆ ಏನೂ ತಿಳಿಯುತ್ತಿರಲಿಲ್ಲ. 1918ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ಮೊದಲಾದವರು ಎರಡು ರಸಗಳನ್ನೂ ಪ್ರಾಣಿಗಳಿಗೆ ಕೊಟ್ಟು ಹೋಲಿಸಿದರು. ತಾಜಾ ನಿಂಬೆರಸ ಲೆಮನ್ ರಸಕ್ಕಿಂತ ಬಹಳ ದುರ್ಬಲ, ಕೂಡಿಟ್ಟ ನಿಂಬೆರಸ ಹೆಚ್ಚುಕಡಿಮೆ ನಿರುಪಯೋಗಿ ಎಂದು ಕಂಡಿತು. ವಿಟಮಿನ್ ಕೈಗೆ ಸಿಕ್ಕಿದ್ದು 1932ರಲ್ಲಿ. ಹಂಗೇರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಮೊದಲು ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ಬಿಳಿ ಪುಡಿಯೇ ಸ್ಕರ್ವಿಯ ಮದ್ದೆಂದು ಆಗ ಖಚಿತವಾಯಿತು. ಆಮೇಲೆ ತಾನಿದ್ದ ಊರಾದ ಸೆಗೆಡ್ಡಿನ ಪ್ರಸಿದ್ಧ ಕೆಂಪು ಮೆಣಸಿನಕಾಯಿಯಿಂದ ಅದನ್ನು ರಾಶಿಗಟ್ಟಲೆ ತೆಗೆದ. ಮೆಣಸಿನಕಾಯಿಯಲ್ಲಿ ಹುಳಿ ಇಲ್ಲ! ನೊಬೆಲ್ 1937ರಲ್ಲಿ ಬಂತು.

ಈಗ ಅಂಕಿ ನೋಡಿ. ನೂರು ಮಿಲಿ ನಿಂಬೆರಸದಲ್ಲಿ ಹುಳಿ ಕೊಡುವ ಆಮ್ಲ, ಮುಖ್ಯವಾಗಿ ಸಿಟ್ರಿಕ್ ಆಮ್ಲ, ಸುಮಾರು ಆರು ಗ್ರಾಂ. ಸಿ ವಿಟಮಿನ್ ಸುಮಾರು ಮೂವತ್ತು ಮಿಲಿಗ್ರಾಂ. ಒಂದಕ್ಕೆ ಇನ್ನೂರರ ಅಂತರ. ವಿಟಮಿನ್ನೂ ಒಂದು ಆಮ್ಲವೇ, ಅದಕ್ಕೂ ತುಸು ಹುಳಿ ಇದೆ, ಆದರೆ ಇನ್ನೂರು ಪಾಲು ಸಿಟ್ರಿಕ್ ಆಮ್ಲದ ನಡುವೆ ಅದು ಇದ್ದರೂ ಇಲ್ಲದಿದ್ದರೂ ರಸದ ರುಚಿ ಬದಲಾಗದು. ಸಿಟ್ರಿಕ್ ಆಮ್ಲ ಗಾಳಿಗೆ, ಬಿಸಿಗೆ, ವರ್ಷಗಳಿಗೆ ಜಗ್ಗುವುದಿಲ್ಲ. ವಿಟಮಿನ್ ಗಾಳಿಯ ಆಮ್ಲಜನಕಕ್ಕೆ ಬೇಗ ಬಲಿಯಾಗುತ್ತದೆ. ತಾಮ್ರ ಸೋಕಿದರೆ ಇನ್ನೂ ಬೇಗ. ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಮನೆಗಳಲ್ಲಿ ಹೇಳುವುದು ಕಿಲುಬಿನ ಭಯದಿಂದ. ಆ ಎಚ್ಚರ ವಿಟಮಿನ್ನನ್ನೂ ಕಾಯುತ್ತದೆ.

ವೆಸ್ಟ್ ಇಂಡೀಸಿನ ಆ ನಿಂಬೆ ಯಾವುದು? ವಿಜಯಪುರದ ಇಂಡಿ ತಾಲೂಕಿನಲ್ಲಿ ಬೆಳೆಯುವ, ನಮ್ಮ ಸಂತೆಗಳಲ್ಲಿ ಗುಡ್ಡೆ ಹಾಕಿ ಮಾರುವ, ತೆಳು ಸಿಪ್ಪೆಯ ಪುಟ್ಟ ಕಾಗ್ಜಿ ನಿಂಬೆಯೇ ಅದು. ಎರಡೂ ಒಂದೇ ಜಾತಿ. 2018ರಲ್ಲಿ ಪ್ರಕಟವಾದ ಸಿಟ್ರಸ್ ಕುಲದ ಜೀನೋಮ್ ಅಧ್ಯಯನ ಇದರ ಮನೆತನವನ್ನು ಬಿಡಿಸಿ ಹೇಳಿತು. ತಾಯಿಯ ಕಡೆಯದು ಫಿಲಿಪ್ಪೀನ್ಸ್ ದ್ವೀಪಗಳ ಒಂದು ಕಾಡುನಿಂಬೆ. ತಂದೆಯ ಕಡೆಯದು ಮಾದಲ, ಉಪ್ಪಿನಕಾಯಿಗೆ ಬಳಸುವ, ದಪ್ಪನೆಯ ಸಿಪ್ಪೆಯೇ ಹೆಚ್ಚಾಗಿರುವ ಹಣ್ಣು. ಲೆಮನ್ನಿಗೂ ಮಾದಲವೇ ತಂದೆ, ಆದರೆ ತಾಯಿ ಹುಳಿಕಿತ್ತಳೆ. ಹುಳಿಕಿತ್ತಳೆಯೋ ಚಕ್ಕೋತಕ್ಕೂ ಕಮಲಾಕಿತ್ತಳೆಗೂ ಹುಟ್ಟಿದ್ದು. ಅಂದರೆ ನಿಂಬೆ, ಲೆಮನ್ ಎರಡೂ ಒಬ್ಬನೇ ತಂದೆಯ ಮಕ್ಕಳು, ತಾಯಂದಿರು ಬೇರೆ. ಏಷ್ಯಾದಲ್ಲಿ ಹುಟ್ಟಿದ ಈ ನಿಂಬೆ ಅರಬ್ಬರ ಜೊತೆ ಮೆಡಿಟರೇನಿಯನ್ನಿಗೆ, ಸ್ಪೇನಿನವರ ಜೊತೆ ಅಟ್ಲಾಂಟಿಕ್ ಆಚೆಗೆ ಹೋಯಿತು. ಆದ್ದರಿಂದ ಕರ್ನಾಟಕದ ಅಡುಗೆಮನೆಯಲ್ಲಿ ಗಿಮ್ಲೆಟ್ ಮಾಡುವವರು ಪರದೇಶದ ಹಣ್ಣಿಗಾಗಿ ಹುಡುಕಬೇಕಿಲ್ಲ. ಲಂಡನ್ನಿನ ಬಾರುಗಳಲ್ಲಿ ಇಂದು ಹೆಚ್ಚಾಗಿ ಬಳಸುವ ಬೀಜವಿಲ್ಲದ ದೊಡ್ಡ ಪರ್ಷಿಯನ್ ನಿಂಬೆಗಿಂತ ನಮ್ಮ ಹಣ್ಣೇ ಮೂಲಕ್ಕೆ ಹತ್ತಿರ.

ಜಿನ್ ಎಂದರೆ ಜುನಿಪರ್ ವಾಸನೆಯ ಮದ್ಯ. ಧಾನ್ಯ ಹುಳಿಸಿ ಭಟ್ಟಿ ಇಳಿಸಿದ, ಹೆಚ್ಚುಕಡಿಮೆ ಯಾವ ವಾಸನೆಯೂ ಇಲ್ಲದ ಮದ್ಯಸಾರದಲ್ಲಿ ಜುನಿಪರ್ ಮತ್ತಿತರ ಮಸಾಲೆಗಳನ್ನು ನೆನೆಹಾಕಿ ಇನ್ನೊಮ್ಮೆ ಭಟ್ಟಿ ಇಳಿಸುತ್ತಾರೆ. ಜುನಿಪರ್ ನೋಡಲು ಕಪ್ಪುನೀಲಿ ಹಣ್ಣಿನಂತಿದ್ದರೂ ಅದು ಹಣ್ಣಲ್ಲ. ಪೈನ್ ಮರದ ಕಾಯಿಯ ಹಾಗೆ ಅದೂ ಒಂದು ಕೋನ್. ಅದರ ಪಕಳೆಗಳು ತಿರುಳು ತುಂಬಿಕೊಂಡು ಒಂದಕ್ಕೊಂದು ಬೆಸೆದಿವೆ, ಅಷ್ಟೆ. ಮಾಗಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಅದರ ಎಣ್ಣೆಯಲ್ಲಿ ಪ್ರಧಾನವಾದ ಆಲ್ಫಾ ಪೈನೀನ್ ದೇವದಾರು ಕಾಡಿನ ವಾಸನೆ ಕೊಡುತ್ತದೆ. ಅದು ಕುದಿಯುವುದು 155 ಡಿಗ್ರಿಗೆ, ಆದರೂ 80 ಡಿಗ್ರಿಯ ಆಸುಪಾಸಿನಲ್ಲಿ ಏಳುವ ಮದ್ಯಸಾರದ ಆವಿಯೊಡನೆ ತೇಲಿ ಬರುತ್ತದೆ. ಜುನಿಪರ್ ನಂತರದ ಸ್ಥಾನ ಕೊತ್ತಂಬರಿ ಬೀಜದ್ದು. ಸಾರಿನ ಪುಡಿಗೆ ಹುರಿಯುವ ಅದೇ ಬೀಜ. ಹುರಿಯದೆ ಭಟ್ಟಿಗೆ ಹಾಕಿದಾಗ ಅದರ ಲಿನಲೂಲ್ ಎಂಬ ಅಣು ಹೂವು ಮತ್ತು ಕಿತ್ತಳೆಯ ನಡುವಿನ ಒಂದು ಪರಿಮಳವಾಗಿ ಇಳಿಯುತ್ತದೆ. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಮುಖ್ಯವಾದ ಲಿಮೊನೀನ್, ಬೀಟಾ ಪೈನೀನ್‌ಗಳೂ ಇದೇ ಟರ್ಪೀನ್ ಕುಟುಂಬದವು. ಜಿನ್ನಿಗೂ ನಿಂಬೆಗೂ ಹೊಂದಿಕೆಯಾಗಲು ಈ ನೆಂಟಸ್ತಿಕೆ ಸಾಕಷ್ಟು ಮಟ್ಟಿಗೆ ಕಾರಣ.

ಬಾಟಲಿಯ ಮೇಲಿನ ಒಂದು ಅಂಕಿಯನ್ನು ಗಮನಿಸಿ. ಭಾರತದಲ್ಲಿ ತಯಾರಾದ ಬಹುತೇಕ ಜಿನ್ನಿನ ಮೇಲೆ 42.8 ಶೇಕಡಾ ಎಂದಿರುತ್ತದೆ. ಇಷ್ಟು ವಿಚಿತ್ರವಾದ ಅಂಕಿ ಎಲ್ಲಿಂದ ಬಂತು? ಬ್ರಿಟಿಷರ ಹಳೆಯ ಅಳತೆಯಲ್ಲಿ 57.1 ಶೇಕಡಾ ಆಲ್ಕೋಹಾಲ್ ಇದ್ದರೆ ಅದು ನೂರು ಡಿಗ್ರಿ ಪ್ರೂಫ್. ಅದರ ಮುಕ್ಕಾಲು ಪಾಲು, ಎಂದರೆ 75 ಡಿಗ್ರಿ ಪ್ರೂಫ್, ಲೆಕ್ಕ ಹಾಕಿದರೆ 42.8. ಹಳೆಯ ಲೇಬಲ್ಲುಗಳಲ್ಲಿ ಕಾಣುತ್ತಿದ್ದ 25 ಯುಪಿ ಎಂಬುದರ ಅರ್ಥವೂ ಪ್ರೂಫಿಗಿಂತ 25 ಕೆಳಗೆ ಎಂದು. ಅಳತೆಯೇ ಮೂಲೆ ಸೇರಿದ ಮೇಲೂ ಅಂಕಿ ಉಳಿದುಕೊಂಡಿದೆ.

ಇನ್ನು ಕೈಗೆ ಕೆಲಸ. ಅಳತೆ 60 ಮಿಲಿ ಜಿನ್, 20 ಮಿಲಿ ನಿಂಬೆರಸ, 20 ಮಿಲಿ ಸಕ್ಕರೆ ಪಾಕ. ಪಾಕಕ್ಕೆ ಎಳೆ ಬರಿಸಬೇಕಿಲ್ಲ. ತೂಕದಲ್ಲಿ ಸಮಸಮ ಸಕ್ಕರೆ ಮತ್ತು ನೀರು ತೆಗೆದುಕೊಂಡು, ಸಕ್ಕರೆ ಕರಗುವಷ್ಟು ಬಿಸಿ ಮಾಡಿ ಆರಿಸಿದರಾಯಿತು. ಅಂದಾಜಿನಲ್ಲಿ ಸುರಿಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಔಷಧಿ ಬಾಟಲಿಯ ಜೊತೆ ಬರುವ, ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಸಾಕು. ನಿಂಬೆರಸದಲ್ಲಿ ಐದು ಮಿಲಿ ಹೆಚ್ಚಾದರೆ ಹುಳಿ ಕಾಲು ಪಾಲು ಏರುತ್ತದೆ, ಆ ವ್ಯತ್ಯಾಸವನ್ನು ನಾಲಿಗೆ ಮೊದಲ ಗುಟುಕಿನಲ್ಲೇ ಹಿಡಿಯುತ್ತದೆ.

ಹಣ್ಣನ್ನು ಅಂಗೈಯಡಿ ಹೊರಳಿಸಿ, ಅಡ್ಡಕ್ಕೆ ಕೊಯ್ದು, ಬಳಸುವ ಹೊತ್ತಿಗೆ ಹಿಂಡಬೇಕು. ಹಿಂಡಿಟ್ಟ ರಸ ಗಂಟೆಗಳು ಕಳೆದಂತೆ ಕಹಿಯಾಗುತ್ತದೆ. ತೊಳೆಗಳ ಪೊರೆಯಲ್ಲಿ ಕಹಿಯೇ ಇಲ್ಲದ ಒಂದು ಅಣು ಇರುತ್ತದೆ. ತೊಳೆ ಒಡೆದು ಅದು ಹುಳಿರಸಕ್ಕೆ ಸೇರಿದ ಮೇಲೆ ನಿಧಾನವಾಗಿ ಲಿಮೊನಿನ್ ಆಗಿ ಮಾರ್ಪಡುತ್ತದೆ, ಲಿಮೊನಿನ್ ಮಾತ್ರ ಚೆನ್ನಾಗಿಯೇ ಕಹಿ. ತೀರ ಬಲವಾಗಿ ಹಿಸುಕಿದರೆ ಪೊರೆಯೂ ಬಿಳಿ ತಿರುಳೂ ಹೆಚ್ಚು ನಜ್ಜುಗುಜ್ಜಾಗಿ ಕಹಿಗೆ ದಾರಿ ಮಾಡುತ್ತವೆ. ಕೊನೆಯ ನಾಲ್ಕು ಹನಿಯ ಆಸೆ ಬಿಡುವುದು ಒಳ್ಳೆಯದು.

ಹುಳಿಯನ್ನು ಸಕ್ಕರೆ ಕಡಿಮೆ ಮಾಡುತ್ತದೆ ಎನ್ನುತ್ತೇವೆ. ರಾಸಾಯನಿಕವಾಗಿ ಹಾಗೇನೂ ಆಗುವುದಿಲ್ಲ. ಸಕ್ಕರೆ ಹಾಕುವ ಮೊದಲೂ ಹಾಕಿದ ಮೇಲೂ ಆಮ್ಲ ಅಷ್ಟೇ ಇರುತ್ತದೆ. ನಾಲಿಗೆಯ ಮೇಲಿನ ಹುಳಿಗ್ರಾಹಕ ಕೋಶಗಳಲ್ಲಿ ಓಟಾಪ್ 1 ಎಂಬ ಪ್ರೋಟೀನಿನ ಸಣ್ಣ ಬಾಗಿಲುಗಳಿವೆ, ಆಮ್ಲದ ಪ್ರೋಟಾನುಗಳು ಅದರೊಳಗೆ ನುಗ್ಗಿದಾಗ ಹುಳಿಯ ಸುದ್ದಿ ಹೋಗುತ್ತದೆ. ಈ ಬಾಗಿಲು ಪತ್ತೆಯಾದದ್ದು ಇತ್ತೀಚೆಗೆ, 2018ರಲ್ಲಿ. ಸಿಹಿಗೆ ಬೇರೆ ಗ್ರಾಹಕ, ಬೇರೆ ಸುದ್ದಿ. ಎರಡು ಸುದ್ದಿಗಳೂ ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ಮಂಕಾಗಿಸುತ್ತದೆ, ಹುಳಿ ಕಡಿಮೆಯಾದಂತೆ ಅನಿಸುತ್ತದೆ. ಹಲ್ಲಿನ ಎನಾಮಲ್ಲಿಗೆ ಆ ರಿಯಾಯಿತಿ ಇಲ್ಲ. ಶರಬತ್ತಿಗೆ ನಾವು ಚಿಟಿಕೆ ಉಪ್ಪು ಹಾಕುತ್ತೇವಲ್ಲ, ಇಲ್ಲೂ ಅದು ಸಲ್ಲುತ್ತದೆ: ಉಪ್ಪು ಕಹಿಯನ್ನು ತಗ್ಗಿಸಿ ಹಣ್ಣಿನ ರುಚಿಯನ್ನು ಮುಂದೆ ತರುತ್ತದೆ.

ಕುಲುಕಲು ಶೇಕರ್ ಬೇಕೆಂದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಆದೀತು. ಒಳಗಿನ ಗಾಳಿ ತಣಿದು ಕುಗ್ಗುವುದರಿಂದ ಮುಚ್ಚಳ ಇನ್ನಷ್ಟು ಬಿಗಿಯುತ್ತದೆ. ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಐಸ್ ತುಂಬಿ, ಮೂರನ್ನೂ ಸುರಿದು, ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ. ಡಬ್ಬಿಯ ಹೊರಮೈ ಮೊದಲು ಬೆವರುತ್ತದೆ, ಆಮೇಲೆ ಬೆವರೇ ಬಿಳಿಯಾಗಿ ಹೆಪ್ಪುಗಟ್ಟಿ ಬೆರಳಿಗೆ ಅಂಟತೊಡಗುತ್ತದೆ. ಆ ಬಿಳುಪು ಬಂತೆಂದರೆ ಒಳಗಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಿದೆ. ಥರ್ಮಾಮೀಟರ್ ಇಟ್ಟರೆ ಮೈನಸ್ ನಾಲ್ಕು, ಮೈನಸ್ ಐದು ತೋರಿಸುತ್ತದೆ.

ಐಸ್ ಕರಗುವುದು ಸೊನ್ನೆ ಡಿಗ್ರಿಯಲ್ಲಿ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಒಗಟು. ಐಸಿನ ಮೇಲ್ಮೈಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ: ನೀರಿನ ಅಣುಗಳು ಐಸನ್ನು ಬಿಟ್ಟು ದ್ರವಕ್ಕೆ ಹೋಗುತ್ತವೆ, ದ್ರವದಲ್ಲಿರುವವು ಮರಳಿ ಐಸಿಗೆ ಅಂಟುತ್ತವೆ. ಶುದ್ಧ ನೀರಿನಲ್ಲಿ ಸೊನ್ನೆ ಡಿಗ್ರಿಗೆ ಹೋಗುವವು, ಬರುವವು ಸಮಸಮ. ದ್ರವದಲ್ಲಿ ಆಲ್ಕೋಹಾಲ್, ಸಕ್ಕರೆ ಬೆರೆತಾಗ ಮರಳುವ ಸರದಿಯಲ್ಲಿ ನೀರಿನ ಅಣುಗಳು ಕಡಿಮೆಯಾಗುತ್ತವೆ, ಹೋಗುವವು ಹೋಗುತ್ತಲೇ ಇರುತ್ತವೆ. ಹಾಗಾಗಿ ಸೊನ್ನೆಯಲ್ಲೂ ಅದಕ್ಕಿಂತ ಕೆಳಗೂ ಐಸ್ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ತನ್ನ ಸುತ್ತಲಿನ ದ್ರವದಿಂದ ಎಳೆದುಕೊಳ್ಳುತ್ತದೆ, ದ್ರವ ಇನ್ನಷ್ಟು ತಣಿಯುತ್ತದೆ. ಮಡಕೆ ಕುಲ್ಫಿ ಮಾರುವವರು ಐಸಿಗೆ ಕಲ್ಲುಪ್ಪು ಸುರಿಯುವುದರ ಹಿಂದೆ ಇರುವುದೂ ಇದೇ ತತ್ವ.

ಲೆಕ್ಕ ಮಾಡಿದರೆ ನೀರಿನ ಪಾಲು ತಾನೇ ಹೊರಬರುತ್ತದೆ. ನೂರು ಮಿಲಿ ಮಿಶ್ರಣವನ್ನು ಕೋಣೆಯ 27 ಡಿಗ್ರಿಯಿಂದ ಮೈನಸ್ ನಾಲ್ಕಕ್ಕೆ ಇಳಿಸಲು ಸುಮಾರು 12,400 ಜೂಲ್ ಶಾಖ ತೆಗೆಯಬೇಕು. ಒಂದು ಗ್ರಾಂ ಐಸ್ ಕರಗುವಾಗ ನುಂಗುವುದು 334 ಜೂಲ್. ಭಾಗಿಸಿದರೆ 37 ಗ್ರಾಂ. ಡಬ್ಬಿಯನ್ನೂ ತಣಿಸಬೇಕು, ಕೈಯ ಬಿಸಿ ಬೇರೆ, ಐಸಿನ ಮೈಗೆ ಮೊದಲೇ ಅಂಟಿದ್ದ ನೀರು ಬೇರೆ. ಎಲ್ಲ ಸೇರಿ 45ರಿಂದ 50 ಮಿಲಿ ನೀರು ಒಳಗಾಗುತ್ತದೆ. ಫ್ರೀಜರಿನಿಂದ ಆಗತಾನೇ ತೆಗೆದ ಮೈನಸ್ 18 ಡಿಗ್ರಿಯ ಐಸಾದರೆ ಕರಗುವುದೇ ಬೇಡವಲ್ಲ ಎಂದು ಕೆಲವರು ವಾದಿಸುತ್ತಾರೆ. ಒಂದು ಗ್ರಾಂ ಐಸನ್ನು ಮೈನಸ್ 18ರಿಂದ ಸೊನ್ನೆಗೆ ಏರಿಸಲು ಸುಮಾರು 38 ಜೂಲ್ ಸಾಕು, ಕರಗಿಸಲು ಅದರ ಸುಮಾರು ಒಂಬತ್ತರಷ್ಟು ಬೇಕು. ತಣಿಸುವ ಕೆಲಸದ ಬಹುಭಾಗವನ್ನು ಕರಗುವಿಕೆಯೇ ಮಾಡುತ್ತದೆ. ನೀರು ಬೆರೆಯದ ಹಾಗೆ ತಣಿಯಲಿ ಎಂದು ಬಯಸುವುದರಲ್ಲಿ ಅರ್ಥವಿಲ್ಲ. ಹತ್ತು ಹನ್ನೆರಡು ಸೆಕೆಂಡಿನ ನಂತರ ಕುಲುಕುತ್ತ ಹೋದರೂ ದೊಡ್ಡ ವ್ಯತ್ಯಾಸವಾಗದು, ಐಸೂ ದ್ರವವೂ ಹೆಚ್ಚುಕಡಿಮೆ ಒಂದು ಒಪ್ಪಂದಕ್ಕೆ ಬಂದಿರುತ್ತವೆ.

ಈಗ 150 ಮಿಲಿ ಪಾನೀಯದಲ್ಲಿ ಆಲ್ಕೋಹಾಲ್ ಶೇಕಡಾ 17, ಸಕ್ಕರೆ 8, ಆಮ್ಲ 0.8. ನೀರು ಸೇರದಿದ್ದ ಮಿಶ್ರಣವನ್ನು ಒಂದು ಚಮಚ ನೆಕ್ಕಿ ನೋಡಿ: ಹುಳಿ, ಸಿಹಿ, ಕಾರ ಮೂರೂ ಬಾಯಿಗೆ ಹೊಡೆಯುತ್ತವೆ. ಆ ಕಾರ ನಿಜವಾಗಿಯೂ ಮೆಣಸಿನಕಾಯಿಯ ಕಾರವೇ. ಬಿಸಿಯನ್ನೂ ಮೆಣಸಿನಕಾಯಿಯನ್ನೂ ಗುರುತಿಸುವ ನರತುದಿಯ ಗ್ರಾಹಕ ಸಾಮಾನ್ಯವಾಗಿ 42 ಡಿಗ್ರಿಯ ಆಸುಪಾಸಿನಲ್ಲಿ ಎಚ್ಚರಗೊಳ್ಳುತ್ತದೆ. ಆಲ್ಕೋಹಾಲ್ ಆ ಮಿತಿಯನ್ನು 34ರ ಸುಮಾರಿಗೆ ಇಳಿಸುತ್ತದೆ. ಮೈಯ ಸಹಜ ಬಿಸಿಯೇ ಆಗ ಸುಡುವಂತಾಗುತ್ತದೆ. ನೀರು ಮತ್ತು ಚಳಿ ಸೇರಿದಾಗ ಈ ಉರಿ ಅಡಗುತ್ತದೆ.

ಅಡಗುವುದು ಉರಿ ಮಾತ್ರ. 60 ಮಿಲಿ ಜಿನ್ನಿನಲ್ಲಿ ಶುದ್ಧ ಆಲ್ಕೋಹಾಲ್ ಇಪ್ಪತ್ತು ಗ್ರಾಂ, ವೈದ್ಯಕೀಯ ಲೆಕ್ಕದ ಹತ್ತು ಗ್ರಾಮಿನ ಪ್ರಮಾಣದಲ್ಲಿ ಎರಡು ಪಾನ. ತಂಪಾಗಿ, ಹುಳಿಸಿಹಿಯಾಗಿ, ನಾಲ್ಕು ಗುಟುಕಿಗೆ ಮುಗಿದು ಹೋಗುವ ಲೋಟ ಇಷ್ಟನ್ನು ಹೊತ್ತಿದೆಯೆಂದು ನಾಲಿಗೆ ಎಂದೂ ಎಚ್ಚರಿಸುವುದಿಲ್ಲ, ಯಕೃತ್ತು ಮಾತ್ರ ಅದನ್ನು ಕರಗಿಸಲು ಎರಡು ಗಂಟೆಗೂ ಹೆಚ್ಚು ದುಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಹೇಳಿತು. ಆಲ್ಕೋಹಾಲ್ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ 1988ರಿಂದಲೂ ಇದೆ. ಕುಡಿಯದವರು ಇದಕ್ಕಾಗಿ ಕುಡಿಯಲು ಶುರುಮಾಡಬೇಕಾಗಿಲ್ಲ. ಜಿನ್ ಬಿಟ್ಟು, ಜುನಿಪರ್ ಸಿಗದಿದ್ದರೆ ಕೊತ್ತಂಬರಿ ಬೀಜ ಜಜ್ಜಿ ನೆನೆಸಿದ ನೀರಿನಲ್ಲಿ ಇದೇ ಪ್ರಯೋಗ ಮಾಡಬಹುದು. ಆಗ ಡಬ್ಬಿ ಸೊನ್ನೆಗಿಂತ ಹೆಚ್ಚು ಕೆಳಗಿಳಿಯುವುದಿಲ್ಲ, ಆಲ್ಕೋಹಾಲ್ ಏನು ಮಾಡುತ್ತಿತ್ತು ಎಂಬುದು ಆ ಗೈರುಹಾಜರಿಯಲ್ಲೇ ಸ್ಪಷ್ಟವಾಗುತ್ತದೆ.

ಲೋಟವನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ತಣಿಸಿರಬೇಕು. ಸಿಹಿಯ ಸುದ್ದಿ ಒಯ್ಯುವ ಕೋಶಗಳಲ್ಲಿರುವ ಒಂದು ವಾಹಿನಿ ಚಳಿಯಲ್ಲಿ ಮಂದವಾಗುತ್ತದೆ, ಬಿಸಿ ಏರಿದಂತೆ ಚುರುಕಾಗುತ್ತದೆ. ಮೈನಸ್ ನಾಲ್ಕರಲ್ಲಿ ಹದವಾಗಿದ್ದ ಪಾನೀಯ ಮೇಜಿನ ಮೇಲೆ ಅರ್ಧ ಗಂಟೆ ನಿಂತರೆ ಸಕ್ಕರೆ ಒಂದು ಕಾಳೂ ಹೆಚ್ಚದೆ ಶರಬತ್ತಿನಷ್ಟು ಸಿಹಿಯಾಗುತ್ತದೆ.

ಹಳೆಯ ಗಿಮ್ಲೆಟ್ಟಿನ ರುಚಿ ಬೇಕೆನ್ನುವವರು ತಾಜಾ ರಸದ ಬದಲು ಕಾರ್ಡಿಯಲ್ ಮಾಡಿಕೊಳ್ಳಬಹುದು. ಆರು ನಿಂಬೆಯ ಹಸಿರು ಸಿಪ್ಪೆಯನ್ನು, ಒಳಗಿನ ಬಿಳಿ ಬಾರದಂತೆ, ತೆಳ್ಳಗೆ ಹೆರೆದು ನೂರೈವತ್ತು ಗ್ರಾಂ ಸಕ್ಕರೆಯಲ್ಲಿ ಕಲಸಿ ಮುಚ್ಚಿಡಿ. ಒಂದು ರಾತ್ರಿ ಕಳೆದರೆ ಸಕ್ಕರೆ ಒದ್ದೆಯಾಗಿ, ಹಸಿರು ಛಾಯೆ ಪಡೆದು, ಪಾತ್ರೆ ತೆರೆದ ಕೂಡಲೇ ಘಮ್ಮೆನ್ನುತ್ತದೆ: ಸಿಪ್ಪೆಯ ನೀರನ್ನು ಎಳೆಯುತ್ತ ಸಕ್ಕರೆ ಎಣ್ಣೆಯ ಚೀಲಗಳನ್ನೂ ಒಡೆದಿರುತ್ತದೆ. ಅದಕ್ಕೆ ನೂರೈವತ್ತು ಮಿಲಿ ತಾಜಾ ರಸ ಹಾಕಿ ಕರಗಿಸಿ ಸೋಸಿ ಫ್ರಿಜ್ಜಿನಲ್ಲಿಡಿ. ಒಂದೆರಡು ದಿನದಲ್ಲಿ ವಾಸನೆ ಬದಲಾಗುವುದನ್ನು ಗಮನಿಸಬಹುದು. ಹಸಿ ನಿಂಬೆಯ ತೀಕ್ಷ್ಣತೆ ಕೊಡುವ ಸಿಟ್ರಾಲ್ ಆಮ್ಲದ ಸಹವಾಸದಲ್ಲಿ ಕ್ರಮೇಣ ಒಡೆಯುತ್ತದೆ, ಬೇರೆ ಅಣುಗಳಿಂದ ಆಲ್ಫಾ ಟರ್ಪಿನಿಯೋಲ್ ಎಂಬ ಮೃದುವಾದ ಹೂವಿನ ವಾಸನೆಯ ಅಣು ಹುಟ್ಟುತ್ತದೆ. ಬಾಟಲಿಯ ಕಾರ್ಡಿಯಲ್ ಹಸಿ ನಿಂಬೆಯಂತೆ ಮೂಗಿಗೆ ಬಡಿಯದೆ ಬೇರೆ ಯಾವುದೋ ಹಣ್ಣಿನಂತೆ ತೋರುವುದು ಇಂಥ ಬದಲಾವಣೆಗಳಿಂದ. ಕಾರ್ಡಿಯಲ್ ಬಳಸುವಾಗ 60 ಮಿಲಿ ಜಿನ್ನಿಗೆ 40 ಮಿಲಿ ಸಾಕು, ಪಾಕ ಬೇಡ.

ಸಿಪ್ಪೆ ಹೆರೆದವರು ನೆನಪಿಡಬೇಕಾದದ್ದು ಒಂದಿದೆ. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಫ್ಯೂರನೊಕೂಮರಿನ್ ಎಂಬ ಅಣುಗಳಿವೆ. ಅವಕ್ಕೆ ರುಚಿಯಿಲ್ಲ, ನೆರಳಿನಲ್ಲಿ ಅವುಗಳಿಂದ ಏನೂ ಆಗದು. ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅವು ಚರ್ಮಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಒಂದೆರಡು ದಿನದ ನಂತರ ಬೆರಳ ಸಂದಿಯಲ್ಲಿ, ರಸ ಹರಿದ ಮಣಿಕಟ್ಟಿನ ಜಾಡಿನಲ್ಲಿ ಕೆಂಪಗೆ ಬೊಬ್ಬೆ ಏಳುತ್ತವೆ. ಬೊಬ್ಬೆ ಮಾಯ್ದ ಮೇಲೂ ಕಂದು ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಹೊರಗೆ ಅಂಗಳದಲ್ಲೋ ತಾರಸಿಯಲ್ಲೋ ಹಗಲು ಹೊತ್ತು ನಿಂಬೆ ಹಿಂಡಬೇಡಿ. ಒಳಗೆ ಹಿಂಡಿದರೂ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡೇ ಬಿಸಿಲಿಗೆ ಹೋಗಿ.